ಗರಗಸ ಕೊಳ್ಳುವ ಮೊದಲು ಜಮೀನು ಸುತ್ತಿ ಬನ್ನಿ

ಶಿವಮೊಗ್ಗದಿಂದ ಸಾಗರದ ದಾರಿ ಹಿಡಿದು, ಆಯನೂರು ದಾಟಿ ಕುಂಸಿಗೆ ಬರುವ ಹೊತ್ತಿಗೆ ನೆಲದ ಚಹರೆ ಬದಲಾಗತೊಡಗುತ್ತದೆ. ಹಿಂದೆ ಬಿಟ್ಟದ್ದು ಬಯಲಿನ ಮೆಕ್ಕೆಜೋಳ, ಮುಂದೆ ಕಾಣುವುದು ಮಲೆನಾಡಿನ ಅಡಿಕೆ. ನಡುವೆ ಗದ್ದೆ, ಶುಂಠಿ ಬೆಳೆದು ಬಿಟ್ಟ ಜಾಗ, ಹಕ್ಕಲು, ಬ್ಯಾಣ, ಅಲ್ಲಲ್ಲಿ ಅಕೇಶಿಯಾ ನೆಡುತೋಪು. ಮಳೆ ಹಿಂದೆ ಸರಿದು ದೀಪಾವಳಿ ಕಳೆಯಿತೆಂದರೆ ಇಲ್ಲಿಯ ಮೂರು ನಾಲ್ಕು ಎಕರೆಯ ರೈತನ ಕಣ್ಣಿಗೆ ಬೀಳುವುದು ಬೆಳೆಗಿಂತ ಹೆಚ್ಚಾಗಿ ಬೆಳೆಯಲ್ಲದ್ದು: ಬೇಲಿಯನ್ನೇ ನುಂಗಿದ ಲಂಟಾನ, ತೋಟದ ಮೇಲೆ ಬಾಗಿದ ಹಲಸಿನ ಕೊಂಬೆ, ಆಷಾಢದ ಗಾಳಿಗೆ ಧರೆಯ ಮೇಲೆ ಅಡ್ಡ ಬಿದ್ದ ಮರ, ಒಣಗಿ ನಿಂತ ಬಿದಿರು ಮೆಳೆ. ಆಳು ಕರೆದರೆ ಬರುವುದಿಲ್ಲ, ಬಂದರೂ ಒಂದು ದಿನಕ್ಕೆ ಮುಗಿಯುವುದಿಲ್ಲ. ಹೀಗಾಗಿ ಒಂದು ಚೈನ್ ಸಾ ತಂದೇಬಿಡೋಣ ಎಂಬ ತೀರ್ಮಾನಕ್ಕೆ ಬರುವುದು ಸಹಜ. ಅಂಗಡಿಯಲ್ಲಿ ಮೊದಲು ಕೇಳುವುದು ‘ಎಷ್ಟು ಸಿಸಿ?’, ಆಮೇಲೆ ‘ಬಾರ್ ಎಷ್ಟು ಇಂಚು?’. ಈ ಎರಡು ಪ್ರಶ್ನೆಗಳಿಂದ ಶುರುವಾದ ಖರೀದಿ ಬಹುಮಟ್ಟಿಗೆ ಒಂದೇ ಕಡೆ ಮುಗಿಯುತ್ತದೆ: 58 ಸಿಸಿ, 22 ಇಂಚಿನ ಬಾರ್, ಅಗ್ಗದ ಬೆಲೆ. ಕುಂಸಿಯಂಥ ಅರೆಮಲೆನಾಡಿನ ಸಣ್ಣ ಹಿಡುವಳಿಗೆ ಈ ಆಯ್ಕೆ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಇಲ್ಲಿ ಮೊದಲು ಕೊಳ್ಳಬೇಕಾದದ್ದು ಉದ್ದ ಕೋಲಿನ ತುದಿಗೆ ಕಟ್ಟಿದ ಒಳ್ಳೆಯ ಕೈಗರಗಸ. ಅದರ ಜೊತೆಗೆ, ಬೇಕೇ ಬೇಕೆಂದರೆ, 30–35 ಸಿಸಿಯ ಹಗುರ ಚೈನ್ ಸಾ. ದೊಡ್ಡ ಮರಕ್ಕೆ ದೊಡ್ಡ ಯಂತ್ರವನ್ನು ಅದನ್ನು ಬಲ್ಲವನ ಸಮೇತ ಬಾಡಿಗೆಗೆ ಕರೆಯುವುದೇ ಲೇಸು.

ಇದನ್ನು ಒಪ್ಪದವರು ಒಮ್ಮೆ ಸ್ವಂತ ಜಮೀನಿನ ಸುತ್ತ ನಡೆದು ನೋಡಬೇಕು. ಕಡಿಯಬೇಕಾದದ್ದನ್ನು ಗಾತ್ರದ ಮೇಲೆ ಬೇರೆ ಮಾಡುತ್ತ ಹೋಗಿ. ಹೆಬ್ಬೆರಳು ಗಾತ್ರದ್ದು, ಮುಂಗೈ ಗಾತ್ರದ್ದು, ತೊಡೆ ಗಾತ್ರದ್ದು, ತೆಕ್ಕೆಗೆ ಸಿಗದ್ದು. ಹೆಬ್ಬೆರಳು ಗಾತ್ರದ್ದೇ ಎಲ್ಲಕ್ಕಿಂತ ಹೆಚ್ಚು ಇರುತ್ತದೆ. ಲಂಟಾನ, ಯುಪಟೋರಿಯಂ, ಮುಳ್ಳುಬಳ್ಳಿ ಎಲ್ಲ ಅದರಲ್ಲೇ ಬಂತು. ಇದಕ್ಕೆ ಚೈನ್ ಸಾ ಹಿಡಿದರೆ ಎಳೆಯ ಕಡ್ಡಿ ಚೈನಿಗೆ ಸಿಕ್ಕಿ ಚಾಟಿಯ ಹಾಗೆ ಮುಖಕ್ಕೆ ಹೊಡೆಯುತ್ತದೆ, ಬಾರಿನ ಮೂತಿ ಮಣ್ಣಿಗೆ ತಾಗುತ್ತದೆ, ತಾಗಿದ ಕ್ಷಣದಲ್ಲೇ ಹಲ್ಲುಗಳ ಮೊನೆ ಹೋಗುತ್ತದೆ. ಇನ್ನು ಲಂಟಾನವನ್ನು ನೆಲಮಟ್ಟದಲ್ಲಿ ಯಾವುದರಿಂದ ಕತ್ತರಿಸಿದರೂ ಕತ್ತರಿಸಿದಲ್ಲಿಂದಲೇ ನಾಲ್ಕು ಚಿಗುರು ಹೊರಡುತ್ತವೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರಕ್ಕೆಂದು ಬಂದ ಗಿಡ ಇವತ್ತು ನಮ್ಮ ಬೇಲಿಯವರೆಗೆ ಹಬ್ಬಿದ್ದರ ಹಿಂದೆ ಈ ಚಿಗುರುವ ಶಕ್ತಿಯಿದೆ. ದೆಹಲಿ ವಿಶ್ವವಿದ್ಯಾಲಯದ ಪರಿಸರ ವಿಜ್ಞಾನಿ ಸಿ. ಆರ್. ಬಾಬು ಮತ್ತು ಸಂಗಡಿಗರು ತೋರಿಸಿಕೊಟ್ಟ ಉಪಾಯ ಸರಳವಾದದ್ದು: ಕಾಂಡ ಬೇರಿಗೆ ಕೂಡುವ ಗಂಟಿನ ತುಸು ಕೆಳಗೆ, ಮಣ್ಣಿನೊಳಗೆ ಬೇರನ್ನು ಕಡಿದು, ಬುಡ ಮೇಲು ಮಾಡಿ ಒಣಗಲು ಇಟ್ಟುಬಿಡುವುದು. ಅದಕ್ಕೆ ಪಿಕಾಸಿ ಸಾಕು. ಮುಂಗೈ ದಪ್ಪದ ಕೊಂಬೆಗಳಿಗೆ ಕೈಗರಗಸ, ಮಚ್ಚು ಸಾಕು. ತೊಡೆ ಗಾತ್ರದ್ದು ವರ್ಷಕ್ಕೆ ಬೆರಳೆಣಿಕೆಯಷ್ಟು ಸಿಗಬಹುದು. ತೆಕ್ಕೆಗೆ ಸಿಗದ ಮರ ಎರಡು ಮೂರು ವರ್ಷಕ್ಕೊಮ್ಮೆ ಬಿದ್ದರೆ ಹೆಚ್ಚು. ಆ ಒಂದು ಮರವನ್ನು ಮನಸ್ಸಿನಲ್ಲಿಟ್ಟುಕೊಂಡು ಯಂತ್ರ ಕೊಳ್ಳುತ್ತೇವೆ, ಉಳಿದ ಎಲ್ಲ ದಿನ ಅದರ ಭಾರ ಹೊರುತ್ತೇವೆ.

ಈ ಯಂತ್ರದಲ್ಲಿ ಮರ ಕೊಯ್ಯುವುದು ಯಾವುದು ಎಂದು ಹತ್ತಿರದಿಂದ ನೋಡಿದರೆ ಸಿಸಿಯ ಮೋಹ ತಾನಾಗಿ ಇಳಿಯುತ್ತದೆ. ಎಂಜಿನು ಮಾಡುವುದು ಚೈನನ್ನು ತಿರುಗಿಸುವ ಕೆಲಸ ಮಾತ್ರ. ಪೂರ್ತಿ ವೇಗದಲ್ಲಿ ಚೈನು ಸೆಕೆಂಡಿಗೆ 20 ಮೀಟರು ಓಡುತ್ತದೆ, ಅಂದರೆ ಗಂಟೆಗೆ 70 ಕಿಲೋಮೀಟರ್ ಮೀರಿದ ವೇಗ. ಕೊಯ್ಯುವುದು ಚೈನಿನ ಮೇಲೆ ಎಡಕ್ಕೊಂದು ಬಲಕ್ಕೊಂದು ಕೂತ ಪುಟ್ಟ ಕೊಕ್ಕೆ ಹಲ್ಲು. ಪ್ರತಿ ಹಲ್ಲಿನ ಮುಂದೆ ಒಂದು ಗಿಡ್ಡ ಗುಬುಟು ಇದೆ. ಹಲ್ಲು ಮರದೊಳಗೆ ಎಷ್ಟು ಇಳಿಯಬೇಕೆಂದು ಅಳತೆ ಹಿಡಿಯುವುದು ಅದೇ. 1946ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಮರಗೆಲಸ ಮಾಡುತ್ತಿದ್ದ ಜೋಸೆಫ್ ಕಾಕ್ಸ್ ಎಂಬಾತ ಮರದ ಮೋಟನ್ನು ಕೊರೆಯುತ್ತಿದ್ದ ದುಂಬಿಯ ಮರಿಹುಳುವನ್ನು ಕಂಡ. ಅದರ ದವಡೆ ಎಡಕ್ಕೂ ಬಲಕ್ಕೂ ಸಲೀಸಾಗಿ ಮರವನ್ನು ಸೀಳಿಕೊಂಡು ಹೋಗುತ್ತಿತ್ತು. ಅದೇ ಆಕಾರವನ್ನು ಉಕ್ಕಿನಲ್ಲಿ ಮಾಡಿದ. ಇಂದಿನ ಚೈನುಗಳು ಆ ಹುಳುವಿನ ದವಡೆಯ ಸಂತತಿ. ಈ ಹಲ್ಲು ಮೊನಚಾಗಿದ್ದರೆ ಬಾರಿನಡಿಯಿಂದ ಉಗುರಿನಷ್ಟು ದೊಡ್ಡ ಚಕ್ಕೆಗಳು ಚಿಮ್ಮುತ್ತವೆ, ಯಂತ್ರ ತನ್ನಷ್ಟಕ್ಕೆ ಮರದೊಳಗೆ ಇಳಿಯುತ್ತದೆ. ಮೊಂಡಾಗಿದ್ದರೆ ಹಿಟ್ಟಿನಂಥ ಹುಡಿ ಬೀಳುತ್ತದೆ, ಹೊಗೆ ಬರುತ್ತದೆ, ಹಿಡಿದವನು ಮೈಭಾರ ಹಾಕಿ ಒತ್ತತೊಡಗುತ್ತಾನೆ. ಮೊಂಡು ಚೈನು ಹಾಕಿದ 58 ಸಿಸಿಗಿಂತ ಅರ ಹಿಡಿದು ಸಾಣೆ ಮಾಡಿದ 30 ಸಿಸಿ ಯಂತ್ರ ಬೇಗ ಕೊಯ್ಯುತ್ತದೆ. ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಚೈನಿನ ಬಗ್ಗೆ: ಅದರ ಪಿಚ್ (ಕೊಂಡಿಗಳ ಅಂತರದ ಅಳತೆ) ಯಾವುದು, ಅದಕ್ಕೆ ಯಾವ ದಪ್ಪದ ದುಂಡು ಅರ ಬೇಕು, ಬದಲಿ ಚೈನು ಶಿವಮೊಗ್ಗದಲ್ಲೇ ಸಿಗುತ್ತದೆಯೆ. ಸಣ್ಣ ಯಂತ್ರಗಳ ಮೂರು ಬೈ ಎಂಟು ಲೋ ಪ್ರೊಫೈಲ್ ಚೈನಿಗೆ 4 ಮಿಲಿಮೀಟರಿನ ಅರ, .325 ಪಿಚ್ಚಿಗೆ 4.8 ಮಿಲಿಮೀಟರಿನದು. ಒಂದೆರಡು ಟ್ಯಾಂಕ್ ಪೆಟ್ರೋಲ್ ಖಾಲಿಯಾಗುವಷ್ಟರಲ್ಲಿ ಚೈನಿಗೆ ಅರ ಮುಟ್ಟಿಸಬೇಕು. ಮುಟ್ಟಿಸಲು ಬೇಸರವಾದರೆ ಆ ಮನೆಗೆ ಚೈನ್ ಸಾ ಬೇಡವೇ ಬೇಡ.

‘ದೊಡ್ಡದಿದ್ದರೆ ಸಣ್ಣ ಕೆಲಸವೂ ಆಗುತ್ತದೆ, ಸಣ್ಣದರಲ್ಲಿ ದೊಡ್ಡ ಕೆಲಸ ಆಗುತ್ತದೆಯೆ?’ ಎಂಬ ಮಾತು ಎಲ್ಲರ ಬಾಯಲ್ಲೂ ಬರುತ್ತದೆ. ಕೇಳಲು ಸರಿಯೆನಿಸುವ ಈ ಮಾತಿನಲ್ಲಿ ಎರಡು ದೋಷಗಳಿವೆ. ಒಂದು, ಸಣ್ಣದರಲ್ಲಿ ದೊಡ್ಡ ಕೆಲಸ ಸಾಕಷ್ಟು ಆಗುತ್ತದೆ. 16 ಇಂಚಿನ ಬಾರಿನಲ್ಲಿ ಎರಡೂ ಬದಿಯಿಂದ ಕೊಯ್ದರೆ ಬಾರಿಗಿಂತ ಎಷ್ಟೋ ದಪ್ಪದ ದಿಮ್ಮಿಯನ್ನು ತುಂಡು ಮಾಡಬಹುದು. ನೆಲಕ್ಕೆ ಬಿದ್ದ ಮಾವು, ಅಕೇಶಿಯಾ, ಗೇರು ಯಾವುದಕ್ಕೂ ಅದು ಸಾಲುತ್ತದೆ. ಎರಡನೆಯದು ಹೆಚ್ಚು ಗಂಭೀರ. ದೊಡ್ಡದರಲ್ಲಿ ಸಣ್ಣ ಕೆಲಸ ಆಗುವುದೇನೋ ನಿಜ, ಆದರೆ ಆಗುವಾಗ ಮನುಷ್ಯನಿಗೆ ಏನಾಗುತ್ತದೆ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಸ್ಟಿಲ್ ಕಂಪನಿಯ ಎಂಎಸ್ 180 ಯಂತ್ರ ಸುಮಾರು 32 ಸಿಸಿಯದು, ಬಾರು ಚೈನು ಬಿಟ್ಟು ನಾಲ್ಕು ಕಿಲೋ ಆಸುಪಾಸು ತೂಗುತ್ತದೆ. 58 ಸಿಸಿಯ ಅಗ್ಗದ ಯಂತ್ರಕ್ಕೆ ಬಾರು, ಪೆಟ್ರೋಲು, ಚೈನ್ ಆಯಿಲ್ ತುಂಬಿದರೆ ತೂಕ ಸಲೀಸಾಗಿ ಏಳು ಕಿಲೋ ಮುಟ್ಟುತ್ತದೆ. ಇಳಿಜಾರಿನಲ್ಲಿ, ಜಾರುವ ತರಗೆಲೆಯ ಮೇಲೆ, ಬಾಗಿ ನಿಂತು ಒಂದು ಗಂಟೆ ಅದನ್ನು ಹಿಡಿದವನ ತೋಳು ಮಧ್ಯಾಹ್ನದ ಹೊತ್ತಿಗೆ ಸೋತಿರುತ್ತದೆ. ಚೈನ್ ಸಾದ ಅವಘಡಗಳಲ್ಲಿ ಅತಿ ಕೆಟ್ಟದ್ದು ಒದೆತ. ಬಾರಿನ ಮೂತಿಯ ಮೇಲಿನ ಕಾಲುಭಾಗ ಯಾವುದಾದರೂ ಕೊಂಬೆಗೆ ತಾಗಿದರೆ ಚೈನಿನ ಓಟದ ಬಲವೆಲ್ಲ ಹಿಂದಕ್ಕೆ ತಿರುಗಿ, ಬಾರು ಹಿಡಿದವನ ಮುಖ ಕುತ್ತಿಗೆಯತ್ತ ಎದ್ದುಬರುತ್ತದೆ. ಮನುಷ್ಯನ ಕೈ ಪ್ರತಿಕ್ರಿಯೆ ತೋರುವಷ್ಟರಲ್ಲಿ ಅದು ನಡೆದುಹೋಗಿರುತ್ತದೆ. ಬಾರು ಉದ್ದವಾದಷ್ಟೂ ಮೂತಿ ಕಣ್ಣಳತೆಯಿಂದ ದೂರ ಹೋಗುತ್ತದೆ, ಪೊದೆಯೊಳಗೆ ಅದು ಯಾವುದಕ್ಕೆ ತಾಗುತ್ತಿದೆ ಎಂಬುದು ಕಾಣುವುದಿಲ್ಲ. ಪೊದೆ ತುಂಬಿದ ನಮ್ಮ ಹಕ್ಕಲುಗಳಿಗೆ 22 ಇಂಚಿನ ಬಾರು ಸಲ್ಲದು ಎನ್ನಲು ಈ ಒಂದು ಕಾರಣವೇ ಸಾಕು. ಚೈನ್ ಬ್ರೇಕ್ ಇಲ್ಲದ, ಇದ್ದರೂ ಮುಂದಕ್ಕೆ ತಳ್ಳಿದಾಗ ಟಕ್ಕೆಂದು ಕಚ್ಚದ ಯಂತ್ರವನ್ನು ಅಂಗಡಿಯಲ್ಲೇ ಬಿಟ್ಟು ಬರಬೇಕು.

ಬೆಲೆಯ ಮಾತಿಗೂ ಉತ್ತರ ಕೊಡಬೇಕು. ಹೆಸರಿರುವ ಕಂಪನಿಯ ಸಣ್ಣ ಯಂತ್ರದ ಅರ್ಧ ಬೆಲೆಗಿಂತ ಕಡಿಮೆಗೆ ಹೆಸರಿಲ್ಲದ ದೊಡ್ಡ ಯಂತ್ರ ಸಿಗುವಾಗ ರೈತ ಅತ್ತ ವಾಲುವುದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅಡಿಕೆ ದರ ಇವತ್ತಿನಂತೆ ನಾಳೆ ಇರುವುದಿಲ್ಲ, ಕೊಳೆರೋಗ, ಎಲೆಚುಕ್ಕಿ ಬಂದ ವರ್ಷ ಕೈಯಲ್ಲಿ ಕಾಸಿರುವುದಿಲ್ಲ. ಆದರೂ ಈ ಯಂತ್ರದ ನಿಜವಾದ ಖರ್ಚು ಕೊಂಡ ದಿನ ಮುಗಿಯುವುದಿಲ್ಲ. ಇದು ಟು ಸ್ಟ್ರೋಕ್ ಎಂಜಿನು, ಪೆಟ್ರೋಲಿಗೆ ಅಳತೆ ಹಿಡಿದು ಆಯಿಲ್ ಬೆರೆಸಬೇಕು. ಒಳ್ಳೆಯ ಆಯಿಲ್ಲಿಗೆ ಐವತ್ತಕ್ಕೆ ಒಂದು, ಅಂದರೆ ಲೀಟರಿಗೆ 20 ಮಿಲಿಲೀಟರ್. ಹಲವು ಅಗ್ಗದ ಯಂತ್ರಗಳು ಇಪ್ಪತ್ತೈದಕ್ಕೆ ಒಂದು ಕೇಳುತ್ತವೆ. ಕಣ್ಣಂದಾಜಿನಲ್ಲಿ ಸುರಿದರೆ ಪಿಸ್ಟನ್ ಹಿಡಿಯುತ್ತದೆ, ಇಲ್ಲವೇ ಪ್ಲಗ್ ಕಟ್ಟುತ್ತದೆ. ಇನ್ನೊಂದು ತೊಂದರೆ ಈಚಿನದು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುತ್ತದೆ, ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ವರ್ಷದಲ್ಲಿ ನಾಲ್ಕು ದಿನ ಓಡಿ ಉಳಿದಷ್ಟು ದಿನ ಅಟ್ಟದ ಮೇಲೆ ಕೂರುವ ಯಂತ್ರದ ಟ್ಯಾಂಕಿನಲ್ಲಿ ಅಂಥ ಪೆಟ್ರೋಲು ನಿಂತರೆ ಕಾರ್ಬೊರೇಟರಿನ ಒಳಗಿನ ತೆಳು ಪೊರೆ ಗಟ್ಟಿಯಾಗುತ್ತದೆ, ನಳಿಕೆ ಕಟ್ಟುತ್ತದೆ. ಮುಂದಿನ ವರ್ಷ ದಾರ ಎಳೆದು ಎಳೆದು ಭುಜ ನೋಯುತ್ತದೆಯೇ ಹೊರತು ಎಂಜಿನು ಹತ್ತುವುದಿಲ್ಲ. ಕೆಲಸ ಮುಗಿದ ದಿನವೇ ಟ್ಯಾಂಕು ಖಾಲಿ ಮಾಡಿ, ಉಳಿದದ್ದನ್ನು ಉರಿಸಿ ನಿಲ್ಲಿಸುವ ಶಿಸ್ತು ಬೇಕು. ರಿಪೇರಿಗೆ ಒಯ್ದಾಗ ಹೆಸರಿಲ್ಲದ ಯಂತ್ರದ ಬಿಡಿಭಾಗ ಸಿಗದಿದ್ದರೆ, ಉಳಿಸಿದ ಹಣ ಬಸ್ಸು, ಆಟೊಗಳಿಗೆ ಹೋಗುತ್ತದೆ. ಎಲ್ಲ ಅಗ್ಗದ ಯಂತ್ರಗಳೂ ಕೆಟ್ಟವು ಎನ್ನುವುದು ಅನ್ಯಾಯ. ದಿನವಿಡೀ ಅದನ್ನೇ ಹಿಡಿದು ದುಡಿಯುವ, ಬಿಚ್ಚಿ ಜೋಡಿಸಲು ಬಲ್ಲ ಕೆಲಸಗಾರರು ಅವುಗಳಿಂದಲೇ ಬದುಕು ಕಟ್ಟಿಕೊಂಡಿದ್ದಾರೆ. ವರ್ಷಕ್ಕೆ ನಾಲ್ಕು ದಿನ ಹಿಡಿಯುವ ತೋಟದ ಯಜಮಾನನ ಸಂಗತಿ ಬೇರೆ.

ಈಗ ಕೋಲಿನ ಗರಗಸಕ್ಕೆ ಬರೋಣ. ನನ್ನ ವಾದದ ತಿರುಳು ಇಲ್ಲೇ ಇದೆ. ಅಡಿಕೆ ತೋಟದ ಬದುಕು ನೆರಳಿನ ಮೇಲೆ ನಿಂತಿದೆ. ನೆರಳು ಹೆಚ್ಚಾದರೆ ತೋಟದಲ್ಲಿ ತೇವ ಆರದೆ ಕೊಳೆಗೆ ದಾರಿಯಾಗುತ್ತದೆ. ಕಡಿಮೆಯಾದರೆ, ಅದರಲ್ಲೂ ತೆಂಕಣ ಪಡುವಣ ದಿಕ್ಕಿನ ಮರ ಹೋದರೆ, ಇಳಿಹೊತ್ತಿನ ಬಿಸಿಲು ನೇರವಾಗಿ ಅಡಿಕೆಯ ಕಾಂಡಕ್ಕೆ ಬಡಿದು ಸಿಪ್ಪೆ ಸುಟ್ಟು ಸೀಳುತ್ತದೆ. ಆ ಮರ ಮುಂದೊಂದು ಗಾಳಿಗೆ ಅಲ್ಲೇ ಮುರಿಯುತ್ತದೆ. ಹಳೆಯ ತೋಟಿಗರು ಪಡುವಣ ಅಂಚಿಗೆ ಮರ ಬಿಟ್ಟುಕೊಂಡಿದ್ದು ಇದೇ ಕಾರಣಕ್ಕೆ. ಹಾಗಾಗಿ ತೋಟದಂಚಿನ ಹಲಸು, ಮತ್ತಿ, ನೇರಳೆಗಳ ಬಗ್ಗೆ ರೈತನ ಮುಂದಿರುವ ನಿಜವಾದ ಪ್ರಶ್ನೆ ಎಷ್ಟು ಸವರಬೇಕು, ಯಾವ ಕೊಂಬೆ ಬಿಡಬೇಕು ಎಂಬುದು. ಸಿಲ್ವರ್ ಓಕಿಗೆ ಕಾಳುಮೆಣಸು ಹಬ್ಬಿಸಿದವರಿಗೂ ಹಾಗೆಯೇ: ಮುಂಗಾರಿಗೆ ಮೊದಲು ಮೇಲಿನ ರೆಂಬೆ ಸವರಿ ಬಳ್ಳಿಗೆ ಬೆಳಕು ಕೊಡಬೇಕು, ಬಳ್ಳಿಗೆ ಏಟು ಬೀಳಬಾರದು. ಈ ಕೆಲಸಕ್ಕೆ ಚೈನ್ ಸಾ ಹಿಡಿದು ಏಣಿ ಹತ್ತುವವರಿದ್ದಾರೆ. ಅದಕ್ಕಿಂತ ಅಪಾಯದ ಕೆಲಸ ಹಳ್ಳಿಯಲ್ಲಿ ಇನ್ನೊಂದಿಲ್ಲ. ಹತ್ತಲು ಹೆದರಿದವರು ಮರವನ್ನೇ ಬುಡಕ್ಕೆ ಕೊಯ್ದು ಹಾಕುತ್ತಾರೆ. ಮನೆಯಲ್ಲಿ ಚೈನ್ ಸಾ ಒಂದೇ ಇದ್ದರೆ, ಒಂದು ಕೊಂಬೆ ತೆಗೆದರೆ ಸಾಕಾಗಿದ್ದ ಕಡೆಯೂ ಮರ ಉರುಳುತ್ತದೆ. ಮೂವತ್ತು ವರ್ಷದ ನೆರಳು ಮೂರು ನಿಮಿಷಕ್ಕೆ ಹೋಗುತ್ತದೆ. ಹನ್ನೆರಡು ಹದಿನೈದು ಅಡಿಯ ಕೋಲು, ಅದರ ತುದಿಗೆ ಎಳೆದಾಗ ಕೊಯ್ಯುವ ಬಾಗು ಗರಗಸ ಇದ್ದರೆ ನೆಲದ ಮೇಲೆ ನಿಂತೇ ಇಪ್ಪತ್ತಡಿ ಎತ್ತರದ ರೆಂಬೆ ಕೈಗೆ ಸಿಗುತ್ತದೆ. ದೋಟಿ ಹಿಡಿದು ಪಳಗಿದ ನಮ್ಮ ಕಡೆಯವರಿಗೆ ಈ ಕೆಲಸದ ಲಯ ಹೊಸದೇನಲ್ಲ.

ಕೊಂಬೆ ಸವರುವುದಕ್ಕೂ ಒಂದು ಕ್ರಮವಿದೆ. ದಪ್ಪ ಕೊಂಬೆಯನ್ನು ಮೇಲಿನಿಂದ ಒಂದೇ ಸಲ ಕೊಯ್ಯಹೊರಟರೆ ಅರ್ಧಕ್ಕೆ ಬರುವಷ್ಟರಲ್ಲಿ ಅದು ತನ್ನ ಭಾರಕ್ಕೆ ಮುರಿದು, ಕಾಂಡದ ಸಿಪ್ಪೆಯನ್ನು ಮೊಳದುದ್ದ ಸುಲಿದುಕೊಂಡು ಬೀಳುತ್ತದೆ. ಆ ಗಾಯದೊಳಗೆ ಮಳೆನೀರು ಇಳಿದು, ಅಣಬೆ ಹಿಡಿದು, ಹತ್ತು ವರ್ಷಕ್ಕೆ ಮರ ಟೊಳ್ಳು. ಸರಿಯಾದ ಕ್ರಮದಲ್ಲಿ ಮೊದಲು ಕಾಂಡದಿಂದ ಒಂದು ಗೇಣು ಆಚೆ, ಕೊಂಬೆಯ ಅಡಿಯಲ್ಲಿ ಸ್ವಲ್ಪ ಕೊಯ್ಯಬೇಕು. ಆಮೇಲೆ ಅದಕ್ಕಿಂತ ತುಸು ಹೊರಗೆ ಮೇಲಿನಿಂದ ಕೊಯ್ದು ಭಾರ ಇಳಿಸಬೇಕು. ಕೊನೆಗೆ ಉಳಿದ ಮೋಟನ್ನು, ಕೊಂಬೆ ಕಾಂಡಕ್ಕೆ ಸೇರುವಲ್ಲಿ ಕಾಣುವ ಉಬ್ಬಿದ ಕೊರಳಪಟ್ಟಿಯ ಹೊರಗೆ ತೆಗೆಯಬೇಕು. ಆ ಉಬ್ಬನ್ನು ಉಳಿಸಿದರೆ ಮರ ತಾನೇ ಗಾಯದ ಸುತ್ತ ಹೊಸ ತೊಗಟೆ ಬೆಳೆಸಿ ಮುಚ್ಚಿಕೊಳ್ಳುತ್ತದೆ. ಕಾಂಡಕ್ಕೆ ಸಪಾಟಾಗಿ ಕೊಯ್ಯಬೇಕು ಎಂದು ಬಹುಕಾಲ ಲೋಕವೆಲ್ಲ ನಂಬಿತ್ತು. ಅದು ತಪ್ಪೆಂದು ತೋರಿಸಿದವರಲ್ಲಿ ಮುಖ್ಯ ಅಮೆರಿಕದ ಅರಣ್ಯ ಇಲಾಖೆಯ ಅಲೆಕ್ಸ್ ಶೈಗೊ. ಅವರು ಅಲ್ಲಿ ಸಂಶೋಧನೆ ಶುರು ಮಾಡಿದಾಗ ಒಬ್ಬನೇ ಹಿಡಿಯಬಹುದಾದ ಚೈನ್ ಸಾ ಹೊಸದು. ಶೈಗೊ ಅದರಿಂದ ಮರಗಳನ್ನು ಅಡ್ಡ ಕೊಯ್ಯುವ ಬದಲು ಉದ್ದಕ್ಕೆ ಸೀಳಿ, ಕೊಳೆ ಒಳಗೆ ಹೇಗೆ ಹಬ್ಬುತ್ತದೆ, ಮರ ಅದಕ್ಕೆ ಹೇಗೆ ಗೋಡೆ ಕಟ್ಟುತ್ತದೆ ಎಂದು ವರ್ಷಗಟ್ಟಲೆ ನೋಡಿದರು. ಮರವನ್ನು ಉಳಿಸುವ ತಿಳಿವಳಿಕೆ ಮರ ಕೊಯ್ಯುವ ಯಂತ್ರದಿಂದಲೇ ಬಂತು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಗಾಯಕ್ಕೆ ಟಾರು, ಬಣ್ಣ ಬಳಿಯುವುದರಿಂದ ಕೊಳೆ ನಿಲ್ಲುವುದಿಲ್ಲ ಎಂಬುದೂ ಅವರಿಂದ ತಿಳಿದದ್ದೇ.

ಕೋಲಿನ ಗರಗಸ ನಿಧಾನ ಎಂಬ ಆಕ್ಷೇಪ ಇದೆ. ನಿಧಾನವೇ ಹೌದು. ಆದರೆ ಏಣಿ ಸಾಗಿಸುವ, ಕಟ್ಟುವ, ಹತ್ತುವ, ಇಳಿಯುವ ಹೊತ್ತನ್ನು ಸೇರಿಸಿದರೆ ಲೆಕ್ಕ ಬೇರೆಯಾಗುತ್ತದೆ. ಎಂಜಿನ್ ಇರುವ ಪೋಲ್ ಸಾಗಳೂ ಬಂದಿವೆ, ಕಳೆ ಕತ್ತರಿಸುವ ಯಂತ್ರಕ್ಕೆ ಜೋಡಿಸುವ ಗರಗಸದ ತಲೆಯೂ ಸಿಗುತ್ತದೆ. ಬ್ರಷ್ ಕಟರ್ ಈಗಾಗಲೇ ಇದ್ದವರಿಗೆ ಆ ಜೋಡಣೆ ಒಳ್ಳೆಯದು. ಇಲ್ಲದವರು ಏಳೆಂಟು ಕಿಲೋ ತೂಗುವ ಉದ್ದ ಯಂತ್ರವನ್ನು ಎತ್ತಿ ಆಡಿಸಬೇಕಾಗುತ್ತದೆ ಎಂಬುದನ್ನು ನೆನಪಿಡಬೇಕು. ಕೈಯಳತೆಯಿಂದ ದೂರ ಹೋದಷ್ಟೂ ಒಂದೊಂದು ಕಿಲೋ ನಾಲ್ಕು ಕಿಲೋ ಆಗುತ್ತದೆ. ಬ್ಯಾಟರಿಯ ಪುಟ್ಟ ಗರಗಸ ಮುಂಗೈ ಗಾತ್ರದ ರೆಂಬೆಗೆ ಚೆನ್ನ, ಸದ್ದು ಕಡಿಮೆ, ಆದರೆ ಕರೆಂಟು ಕೈಕೊಡುವ ಊರಲ್ಲಿ ಇಡೀ ದಿನದ ಕೆಲಸಕ್ಕೆ ಅದನ್ನೇ ನಂಬಲಾಗದು. ಯಾವ ಕೋಲಾದರೂ ಎರಡು ನಿಯಮ ಮೀರಬಾರದು. ಕೊಯ್ಯುವ ಕೊಂಬೆಯ ನೇರ ಕೆಳಗೆ ನಿಲ್ಲಬಾರದು, ಕೋಲನ್ನು ಓರೆಯಾಗಿ ಹಿಡಿದು ಪಕ್ಕಕ್ಕೆ ನಿಂತು ಎಳೆಯಬೇಕು. ಎರಡನೆಯದು, ವಿದ್ಯುತ್ ತಂತಿ. ತೋಟದ ನಡುವೆ ಪಂಪ್‌ಸೆಟ್ಟಿನ ಲೈನು ಹಾಯದ ಜಮೀನು ನಮ್ಮಲ್ಲಿ ಅಪರೂಪ. ಅಲ್ಯೂಮಿನಿಯಂ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಈಗ ಅಡಿಕೆ ಕೊಯ್ಲಿಗೆ ಜನಪ್ರಿಯವಾಗಿರುವ ಕಾರ್ಬನ್ ಫೈಬರ್ ದೋಟಿಯಲ್ಲೂ ಹರಿಯುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. ಹಗುರವಾಗಿದೆ, ಲೋಹದ ಹಾಗೆ ಕಾಣುವುದಿಲ್ಲ, ಆದ್ದರಿಂದ ಪ್ಲಾಸ್ಟಿಕ್ಕಿನ ಹಾಗೆ ಸುರಕ್ಷಿತ ಎಂದುಕೊಳ್ಳುತ್ತಾರೆ. ಕಾರ್ಬನ್ ವಿದ್ಯುತ್ ವಾಹಕ. ತಂತಿಯ ಹತ್ತಿರದ ಮರವಾದರೆ ಮೆಸ್ಕಾಂನವರಿಗೆ ಹೇಳಿ ಲೈನ್ ತೆಗೆಸಿದ ಮೇಲೆಯೇ ಕೋಲು ಎತ್ತಬೇಕು. ಫೈಬರ್ ಗ್ಲಾಸಿನ ಕೋಲು ಒಣಗಿದ್ದಾಗ ಎಷ್ಟೋ ವಾಸಿ; ಅದನ್ನು ನೆಚ್ಚಿಕೊಂಡೂ ತಂತಿಯ ಬಳಿ ಸಾಹಸ ಬೇಡ.

ಹಿಂದಿನವರು ಕೊಡಲಿ, ಗರಗಸಗಳಲ್ಲೇ ಕಾಡಿಗೆ ಕಾಡನ್ನೇ ಕಡಿದಿರಲಿಲ್ಲವೆ, ಈಗೇಕೆ ಇಷ್ಟು ಲೆಕ್ಕಾಚಾರ ಎಂದು ಕೇಳುವವರಿದ್ದಾರೆ. ಕಡಿದದ್ದು ನಿಜ. 1923ರ ಜನವರಿಯಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದಾಗ ಅದರ ಕುಲುಮೆ ಉರಿದದ್ದು ಇದ್ದಿಲಿನಿಂದ. ಕಟ್ಟಿಗೆಯಿಂದ ಇದ್ದಿಲು ತೆಗೆಯುವ ಘಟಕ ಕಾರ್ಖಾನೆಯ ಅಂಗವೇ ಆಗಿತ್ತು. ಸುತ್ತಲ ಕಾಡಿನಿಂದ ಕಟ್ಟಿಗೆ ಹರಿದುಬಂತು, ಅದೆಲ್ಲ ಮನುಷ್ಯರ ತೋಳಿನಿಂದ. ಆದರೆ ಅಲ್ಲಿ ಒಂದು ಮರಕ್ಕೆ ಹಲವು ಜನ ಇದ್ದರು, ಹರೆಯದವರು, ಅದೇ ಕಸುಬಿನವರು. ಇವತ್ತು ಕುಂಸಿ, ಚೋರಡಿ, ಹಾರ್ನಹಳ್ಳಿ ಕಡೆಯ ಎಷ್ಟೋ ಮನೆಗಳಲ್ಲಿ ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಜಮೀನಿನಲ್ಲಿ ಐವತ್ತೈದು ಅರವತ್ತು ದಾಟಿದ ಗಂಡಹೆಂಡತಿ. ಆಳಿನ ಕೊರತೆಯಿಂದ ಯಂತ್ರ ಬೇಕು ಎನ್ನುವ ವಾದವನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದೇ ವಾದವೇ ಯಂತ್ರ ಹಗುರವಿರಲಿ ಎನ್ನುತ್ತದೆ. ಅರವತ್ತು ದಾಟಿದ ಮೊಣಕಾಲಿಗೆ, ಸೊಂಟಕ್ಕೆ ಹೊಂದುವ ಉಪಕರಣವೇ ಆ ಮನೆಯಲ್ಲಿ ನಿಜವಾಗಿ ಬಳಕೆಯಾಗುವುದು. ತೆಕ್ಕೆಗೆ ಸಿಗದ ಮರಕ್ಕೆ ಬಾಡಿಗೆ ಯಂತ್ರ ಕರೆಯಬಹುದು. ಹೋಬಳಿ ಮಟ್ಟದಲ್ಲಿ ಯಂತ್ರಗಳನ್ನು ಬಾಡಿಗೆಗೆ ಕೊಡುವ ‘ಕೃಷಿ ಯಂತ್ರಧಾರೆ’ ಕೇಂದ್ರಗಳನ್ನು ಸರ್ಕಾರ 2014–15ರಿಂದ ತೆರೆದದ್ದು ಇದೇ ತರ್ಕದಿಂದ: ವರ್ಷಕ್ಕೆ ನಾಲ್ಕು ದಿನ ಬೇಕಾಗುವುದನ್ನು ಪ್ರತಿ ಮನೆಯೂ ಕೊಳ್ಳಬೇಕಿಲ್ಲ. ನಮ್ಮ ಸಹಕಾರ ಸಂಘಗಳು ಒಂದೊಂದು ಒಳ್ಳೆಯ ದೊಡ್ಡ ಚೈನ್ ಸಾ ಇಟ್ಟು, ಅದನ್ನು ಬಲ್ಲ ಇಬ್ಬರಿಗೆ ತರಬೇತಿ ಕೊಟ್ಟರೆ ಹತ್ತಾರು ಮನೆಗಳ ಖರ್ಚು ಉಳಿಯುತ್ತದೆ.

ಕಡಿಯುವ ಕಾಲ, ಕಡಿಯುವ ಹಕ್ಕು ಇವೂ ಆಯ್ಕೆಯ ಭಾಗವೇ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ಸ್ವಂತ ಜಮೀನಿನ ಮರವಾದರೂ ಕಡಿಯಲು ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿ, ಗಾಳಿಮರದಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಗಂಧ, ಬೀಟೆ, ಸಾಗುವಾನಿಯ ಸಂಗತಿ ಇನ್ನೂ ಬಿಗಿ. ಜಮೀನಿನ ಗಡಿ ಕಾಡಿಗೆ ತಾಗಿದ ಈ ಸೀಮೆಯಲ್ಲಿ ಗಡಿಕಲ್ಲು ಎಲ್ಲಿದೆ ಎಂದು ನೋಡದೆ ಯಂತ್ರ ಚಾಲೂ ಮಾಡುವುದು ಕೇಸಿಗೆ ದಾರಿ, ಮೊದಲು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ. ಕಾಲದ ವಿಷಯದಲ್ಲಿ ನಮ್ಮ ಜಿಲ್ಲೆಗೇ ಸೇರಿದ ಒಂದು ಕಾರಣವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ. ತರಗೆಲೆಯಲ್ಲಿ ಮರಿ ಉಣುಗು ತುಂಬಿರುವುದು ಮಳೆ ನಿಂತ ಮೇಲೆ, ಬೇಸಿಗೆಯ ತನಕ. ಪೊದೆ ಸವರಲು ನಾವು ಇಳಿಯುವುದೂ ಆಗಲೇ. ಬಗ್ಗಿ, ಕೂತು, ತೆವಳಿ ಮಾಡುವ ಕೆಲಸ ಕಡಿಮೆಯಾದಷ್ಟೂ ಉಣುಗಿನ ಸಂಪರ್ಕ ಕಡಿಮೆ. ಕಾಡಂಚಿನ ಪೊದೆಗೆ ನಿಂತುಕೊಂಡೇ ಬಳಸುವ ಬ್ರಷ್ ಕಟರ್, ಉದ್ದ ಹಿಡಿಯ ಕತ್ತಿ ವಾಸಿ ಎನ್ನಲು ಇದೂ ಒಂದು ಕಾರಣ. ತುಂಬು ತೋಳಿನ ಬಟ್ಟೆ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸುವುದು, ಉಣುಗು ನಿರೋಧಕ ತೈಲ, ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ, ಇವು ಗರಗಸದಷ್ಟೇ ಮುಖ್ಯವಾದ ಸಲಕರಣೆ.

ಬಾಡಿಗೆಗೆ ಕರೆಯುವ ಮಾತು ಬಂದಾಗ ಒಂದು ಅಳುಕು ನನ್ನನ್ನು ಬಿಡುವುದಿಲ್ಲ. ಅಪಾಯದ ಕೆಲಸವನ್ನು ನಾವು ಬಿಟ್ಟು ಬೇರೆಯವನ ಕೈಗೆ ಕೊಡುವುದು ಯಾವ ನ್ಯಾಯ? ಇದು ಸರಿಯಾದ ಆಕ್ಷೇಪ. ದಿನವೂ ಅದೇ ಕೆಲಸ ಮಾಡುವವನಿಗೆ ಅಭ್ಯಾಸವಿದೆ, ಬಿದ್ದ ಮರದಲ್ಲಿ ಬಿಗಿ ಎಲ್ಲಿದೆ, ಕೊಯ್ದಾಗ ಯಾವ ಕಡೆ ಚಿಮ್ಮೀತು ಎಂಬುದನ್ನು ಅವನ ಕಣ್ಣು ಬಲ್ಲದು. ಆದರೂ ಹವಾಯಿ ಚಪ್ಪಲಿ, ಮೇಲೆ ಕಟ್ಟಿದ ಲುಂಗಿ, ತಲೆಗೊಂದು ಟವೆಲು ಹಾಕಿಕೊಂಡು ಮರ ಕೊಯ್ಯುವವರು ನಮ್ಮ ಕಡೆ ಸಾಮಾನ್ಯ. ಯಂತ್ರದ ಸದ್ದು ಕಿವಿಯ ಬಳಿ 100 ಡೆಸಿಬಲ್ ದಾಟುತ್ತದೆ, ದಿನವಿಡೀ ಕೇಳಲು 85 ಮಿತಿ. ವರ್ಷಗಟ್ಟಲೆ ಅದರ ನಡುಕ ಹಿಡಿದ ಬೆರಳುಗಳಿಗೆ ಜೋಮು ಹಿಡಿಯುತ್ತದೆ, ಹಿಡಿತ ಸಡಿಲಾಗುತ್ತದೆ. ಕಾಲಿಗೆ ಕಟ್ಟುವ ಕವಚ ಒಂದು ಸಿಗುತ್ತದೆ, ನೋಡಲು ದಪ್ಪ ಏಪ್ರನ್ ಇದ್ದ ಹಾಗೆ. ಅದರ ಒಳಗೆ ಪದರ ಪದರವಾಗಿ ಉದ್ದನೆಯ ಗಟ್ಟಿ ನೂಲು ಇದೆ. ಓಡುವ ಚೈನು ತಾಗಿದರೆ ಮೇಲಿನ ಬಟ್ಟೆ ಹರಿದು, ನೂಲೆಲ್ಲ ಹೊರಬಂದು ಸ್ಪ್ರಾಕೆಟ್ಟಿಗೆ ಸುತ್ತಿಕೊಂಡು ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ನಿಲ್ಲುತ್ತದೆ, ತೊಡೆ ಉಳಿಯುತ್ತದೆ. ಮುಖಕ್ಕೆ ಜಾಲರಿ, ಕಿವಿಗೆ ಮುಚ್ಚಿಗೆ ಇರುವ ಹೆಲ್ಮೆಟ್, ಈ ಕಾಲುಕವಚ, ಒಂದು ಜೊತೆ ಗಟ್ಟಿ ಬೂಟು ಎಲ್ಲ ಸೇರಿ ಒಂದು ಸೆಟ್ ಆಗುತ್ತದೆ. ಇದನ್ನು ಕೊಳ್ಳಬೇಕಾದವನು ಜಮೀನಿನ ಯಜಮಾನ. ಒಂದು ಸೆಟ್ ಮನೆಯಲ್ಲಿದ್ದರೆ ತಾನು ಸಣ್ಣ ಗರಗಸ ಹಿಡಿದ ದಿನ ತನಗೆ, ಬಾಡಿಗೆಯವನು ಬಂದ ದಿನ ಅವನಿಗೆ. ಹಾಕಿಕೊಂಡರೆ ಸೆಕೆ, ಕೆಲಸ ಓಡುವುದಿಲ್ಲ ಎಂದು ಅವನು ಹೇಳಿಯೇ ಹೇಳುತ್ತಾನೆ, ಫೆಬ್ರುವರಿಯ ಕುಂಸಿಯಲ್ಲಿ ಅದು ಸುಳ್ಳೂ ಅಲ್ಲ. ಹಾಗಿದ್ದರೆ ಬೆಳಗ್ಗೆ ಏಳಕ್ಕೆ ಶುರು ಮಾಡಿ ಹನ್ನೊಂದಕ್ಕೆ ನಿಲ್ಲಿಸಿ, ಪೂರ್ತಿ ದಿನದ ಕೂಲಿ ಕೊಡಬೇಕು. ಕೂಲಿ ಮಾತಾಡುವಾಗಲೇ ಇದನ್ನೂ ಮಾತಾಡಿ ಮುಗಿಸಬೇಕು, ಮರದ ಬುಡದಲ್ಲಿ ನಿಂತ ಮೇಲೆ ಅಲ್ಲ.